ನಿಲ್ಲದ ಗಾಡಿಯಲ್ಲಿ ಗದ್ವಾಲಕ್ಕೆ

ಸೈದಾಪುರ

ನಾರಾಯಣಪೇಟೆಗೆ ಹೋಗುವುದಾದರೆ ನಾರಾಯಣಪೇಟ್ ರೋಡ್ ಎಂಬ ಸ್ಟೇಷನ್ನಿನಲ್ಲಿ ಇಳಿಯಬೇಕು ಎಂದು ನಮ್ಮ ಬೀದಿಯ ಹಿರಿಯರೊಬ್ಬರು ಹೇಳಿ ಕಳಿಸಿದ್ದರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿದಾಗಿನಿಂದ ನಾನು ಕಿಟಕಿಗೆ ಹಣೆ ಒತ್ತಿ ಆ ಹೆಸರಿನ ಹಲಗೆಗಾಗಿ ಕಾಯುತ್ತಿದ್ದೆ. ರಾಯಚೂರು ದಾಟಿತು, ಕೃಷ್ಣಾ ನದಿಯ ಸೇತುವೆ ದಾಟಿತು, ಹಲಗೆ ಮಾತ್ರ ಬರಲಿಲ್ಲ. ಎದುರು ಸೀಟಿನ ಹೆಂಗಸು ನನ್ನ ಚಡಪಡಿಕೆ ನೋಡಿ ಎಲ್ಲಿ ಇಳಿಯಬೇಕೆಂದು ಕೇಳಿದಳು. ಹೇಳಿದೆ.

"ಅಯ್ಯ, ಆ ಹೆಸರು ಈಗೆಲ್ಲಿ ಐತ್ರಿ ಅಕ್ಕಾರ! ಸೈದಾಪುರ ಅಂತ ಮಾಡ್ಯಾರ. ಇದಾ ನೋಡ್ರಿ ಬಂತು. ಇಳೀರಿ, ಇಳೀರಿ, ಗಾಡಿ ಬಿಡ್ತೈತಿ!"

ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅವಳೇ ನನ್ನ ಚೀಲವನ್ನು ಬಾಗಿಲಿನಿಂದ ಪ್ಲಾಟ್‌ಫಾರಂಗೆ ಎಸೆದಳು. ಗೆಳತಿಗೆಂದು ಒಯ್ಯುತ್ತಿದ್ದ ಮೈಸೂರು ಪಾಕು ಡಬ್ಬಿಯೊಳಗೇ ಪುಡಿಯಾಯಿತು. ನಾರಾಯಣಪೇಟೆಯ ಹೆಸರನ್ನು ಹೊತ್ತಿದ್ದ ಆ ಸ್ಟೇಷನ್ನು ಕರ್ನಾಟಕದಲ್ಲಿದೆ. ನಾರಾಯಣಪೇಟೆ ಊರು ತೆಲಂಗಾಣದಲ್ಲಿ, ಜೀಪು ಹಿಡಿದು ಹೋಗುವಷ್ಟು ದೂರದಲ್ಲಿ.

ನಾನು ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ನಮ್ಮೂರಿಗೆ ರೈಲು ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ಬೆಳೆದು, ಮದುವೆಯಾಗಿ ಮೈಸೂರು ಸೇರಿ, ಕೂದಲು ಬೆಳ್ಳಗೆ ಮಾಡಿಕೊಂಡವಳು. ಹಾಗಾಗಿ ಗದ್ವಾಲದ ಗೆಳತಿ ಶರಣಮ್ಮ ಒಮ್ಮೆ ಫೋನಿನಲ್ಲಿ, "ನಿಮ್ಮೂರಿಗೆ ರೈಲು ಬರಲೇ ಇಲ್ಲ, ಚಲೋ ಆತು ಬಿಡು. ನಮಗ ಬಂದು ಹೋತಲ್ಲ, ಅದು ಭಾಳ ಕೆಟ್ಟ" ಎಂದದ್ದು ನನ್ನ ತಲೆಯಿಂದ ಹೋಗಿರಲಿಲ್ಲ. ನಿಂತುಹೋದ ಆ ಪ್ಯಾಸೆಂಜರ್ ಗಾಡಿಯ ಕಥೆ ಕೇಳಲಿಕ್ಕೆಂದೇ ನಾನು ಹೊರಟಿದ್ದೆ. ಗಡಿಯ ಆಚೆಗೆ ಇದು ನನ್ನ ಮೊದಲ ಪ್ರಯಾಣ.

ನಾರಾಯಣಪೇಟೆ

ಊರು ಮುಟ್ಟಿದಾಗ ಅಂಗಡಿಯ ಹಲಗೆಗಳೆಲ್ಲ ತೆಲುಗಿಗೆ ತಿರುಗಿದ್ದವು. ಅಕ್ಷರಗಳು ನಮ್ಮವರಂತೆಯೇ ಕಂಡು, ಹತ್ತಿರ ಹೋದರೆ ಗುರುತು ಹಿಡಿಯದ ಬಂಧುಗಳಂತಿದ್ದವು. ಚಹಾ ಅಂಗಡಿಯಲ್ಲಿ ಬಾಯಿಗೆ ಬಂದ ತೆಲುಗಿನಲ್ಲಿ ನೀರು ಕೇಳಿದೆ. ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ, "ಕನ್ನಡದಾಗಾ ಹೇಳ್ರಿ, ತ್ರಾಸು ಯಾಕ ತಗೋತೀರಿ" ಎಂದ.

ಇಲ್ಲಿ ಮನೆಯೊಳಗೆ ಒಂದು ಭಾಷೆ, ಬಾಗಿಲಲ್ಲಿ ಇನ್ನೊಂದು, ಕಚೇರಿಗೆ ಹೋದರೆ ಅರ್ಧ ಉರ್ದು. ಒಂದೇ ವಾಕ್ಯದಲ್ಲಿ ಮೂರೂ ಬರುತ್ತವೆ, ಯಾರಿಗೂ ಅದು ವಿಶೇಷವೆನಿಸುವುದಿಲ್ಲ. ನಾವು ಮೈಸೂರಿನಲ್ಲಿ ಒಂದನ್ನೇ ಇಟ್ಟುಕೊಂಡು ಎಷ್ಟು ಜಂಬ ಪಡುತ್ತೇವೆ ಎನಿಸಿತು.

ನೇಕಾರರ ಓಣಿಗಳಲ್ಲಿ ನಡೆದೆ. ಚೌಕಳಿಯ ಹತ್ತಿ ಸೀರೆಗಳನ್ನು ನೇಯುವ ಸದ್ದು ಕೆಲವು ಮನೆಗಳಿಂದ ಬರುತ್ತಿತ್ತು. ಹೆಚ್ಚಿನ ಮನೆಗಳಿಂದ ಬರುತ್ತಿರಲಿಲ್ಲ. ಒಂದು ಮನೆಯಲ್ಲಿ ಮಗ್ಗದ ಕುಣಿಗೆ ಹಲಗೆ ಮುಚ್ಚಿ ಅದರ ಮೇಲೆ ಮೋಟರ್ ಸೈಕಲ್ ನಿಲ್ಲಿಸಿದ್ದರು. 

ಮಕ್ತಲ್

ಮಕ್ತಲಿಗೆ ಹಂಚಿಕೊಂಡು ಹೋಗುವ ಆಟೋದಲ್ಲಿ ಹೋದೆ. ತುಂಬಿತು ಎಂದುಕೊಂಡಾಗ ಇನ್ನೂ ಇಬ್ಬರು ಹತ್ತಿದರು. ಮತ್ತೂ ತುಂಬಿತು ಎಂದಾಗ ಒಬ್ಬ ಅಜ್ಜಿ ಕೋಳಿಯ ಸಮೇತ ಹತ್ತಿ, ಕೋಳಿಯನ್ನು ನನ್ನ ಮಡಿಲಿಗೆ ಕೊಟ್ಟು ಸೆರಗು ಸರಿಪಡಿಸಿಕೊಂಡಳು. ಅದನ್ನು ವಾಪಸು ತೆಗೆದುಕೊಳ್ಳುವ ಯೋಚನೆ ಅವಳಿಗೆ ಇಳಿಯುವವರೆಗೂ ಬರಲಿಲ್ಲ. ನನ್ನ ಒಂದು ಕಾಲು ಆಟೋದ ಹೊರಗೆ ರಸ್ತೆಯ ಮೇಲೆ ತೂಗುತ್ತಿತ್ತು. ಎದುರಿಗೆ ಲಾರಿ ಬಂದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ಉಳಿದವರು ಮೆಣಸಿನಕಾಯಿ ಬಿಡಿಸುವ ಕೆಲಸದ ಮಾತಾಡುತ್ತಿದ್ದರು.

ಮಕ್ತಲಿಗೆ ಈಚಿನ ವರ್ಷಗಳಲ್ಲಷ್ಟೇ ರೈಲು ಬಂದಿದೆ. ಹೊಸ ಸ್ಟೇಷನ್ನಿನ ಬಣ್ಣ ಇನ್ನೂ ಹೊಸದಾಗಿಯೇ ಇತ್ತು. ಅಲ್ಲಿಗೆ ಹೋಗಿ ಸುಮ್ಮನೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಬುತ್ತಿ ಬಿಚ್ಚಿದ ಹೆಂಗಸು ಕೇಳದೆಯೇ ನನಗೊಂದು ಜೋಳದ ರೊಟ್ಟಿ, ಮೇಲೆ ಪುಂಡಿ ಪಲ್ಯ ಹಾಕಿ ಕೊಟ್ಟಳು. ನಮ್ಮ ಕಡೆಯಾದರೆ ಮೊದಲು ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿ ಆಮೇಲೆ ತುತ್ತಿನ ಮಾತು. ಗದ್ವಾಲದ ಕಡೆ ನಿಂತುಹೋದ ಗಾಡಿಯ ವಿಷಯ ಎತ್ತಿದೆ.

"ನಮ್ಮ ತಂಗೀನ ಆ ಕಡೀಗೇ ಕೊಟ್ಟೀವ್ರಿ. ನಮಗ ಗಾಡಿ ಬಂದಾಗ ಆಕಿಗೆ ಫೋನ್ ಮಾಡಿ ಹೇಳಿದೆ. ಆಕಿ ಅತ್ತಳು. ಖುಷೀಗಂತ ತಿಳಕೊಂಡೆ ನಾನು" ಎಂದಳು.

ಗದ್ವಾಲ

ಜುರಾಲಾ ಅಣೆಕಟ್ಟಿನ ಮೇಲಿಂದ ಬಸ್ಸು ದಾಟಿ ಗದ್ವಾಲಕ್ಕೆ ಬಂದಾಗ ಶರಣಮ್ಮ ಬಸ್ ನಿಲ್ದಾಣದಲ್ಲೇ ಕಾಯುತ್ತಿದ್ದಳು. ಧಾರವಾಡದ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಅವಳ ಗಂಡನ ಮನೆತನ ರಾಯಚೂರಿನಿಂದ ಬಂದು ಇಲ್ಲಿ ಸೀರೆಯ ವ್ಯಾಪಾರಕ್ಕೆ ನಿಂತದ್ದು. ಪುಡಿಯಾದ ಮೈಸೂರು ಪಾಕನ್ನು ಚಮಚದಲ್ಲಿ ತಿನ್ನುತ್ತಾ ಅವಳು ಗಾಡಿಯ ಕಥೆ ಹೇಳಿದಳು.

"ನಮ್ಮ ಮಾವನೋರು ಹಾಸಿಗಿ ಹಿಡದಾಗೂ, ರಾಯಚೂರಿನ ರೈಲು ಬಂತೇನು ಅಂತ ಕೇಳ್ತಿದ್ರು. ಅವರ ಅಪ್ಪನ ಕಾಲದಿಂದ ಅರ್ಜಿ ಕೊಟ್ಟದ್ದಂತ. ಅವರು ಹೋದ ಮ್ಯಾಲೆ ಬಂತು ನೋಡು. ಮೊದಲನೇ ದಿನ ಊರಿಗೆ ಊರೇ ಸ್ಟೇಷನ್ನಿಗೆ ಹೋಗಿತ್ತು. ಇಂಜಿನ್ನಿಗೆ ಕುಂಕುಮ ಹಚ್ಚಿ, ಉಡಿ ತುಂಬಿದ್ರು, ಸೊಸಿ ಮನೀಗೆ ಬಂದಂಗ."

ಗದ್ವಾಲದಿಂದ ರಾಯಚೂರಿಗೆ ಹೋಗುವ ಆ ಗಾಡಿ ಪ್ರತಿ ಸಣ್ಣ ಊರಿನಲ್ಲೂ ನಿಲ್ಲುತ್ತಿತ್ತು. ಮೊಸರಿನ ಗಡಿಗೆಯವರು, ಕಾಲೇಜಿನ ಹುಡುಗಿಯರು, ಹಾಸಿನ ನೂಲಿನ ಗಂಟು ಹೊತ್ತ ನೇಕಾರರು, ದವಾಖಾನೆಗೆ ಹೋಗುವ ಬಸುರಿಯರು, ಎಲ್ಲರೂ ಅದರಲ್ಲೇ. ಹೊರಡುವಾಗ ಗಾಡಿಯ ಡಬ್ಬಿಯಲ್ಲಿ ತೆಲುಗು. ಬಂಡೆಗಳ ಗುಡ್ಡ ದಾಟುತ್ತಲೇ ಯಾರೂ ಹೇಳದೆ ಎಲ್ಲರೂ ಕನ್ನಡಕ್ಕೆ ತಿರುಗುತ್ತಿದ್ದರಂತೆ. ಕೊರೊನಾ ಬಂದಾಗ ದೇಶದ ಎಲ್ಲ ಗಾಡಿಗಳ ಜೊತೆ ಇದೂ ನಿಂತಿತು. ಉಳಿದವು ಒಂದೊಂದಾಗಿ ಎದ್ದವು. ಇದು ಏಳಲಿಲ್ಲ. ಬಹಳ ದಿನಗಳಾದ ಮೇಲೆ ಅದೇ ಹಳಿಯ ಮೇಲೆ ಬೇರೆ ಹೆಸರಿನ ಗಾಡಿಯೊಂದು ಓಡತೊಡಗಿತು. ಅದು ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ ನಿಲ್ಲುತ್ತದೆ. ಸಣ್ಣ ಊರಿನವರು ಅರ್ಜಿ ಹಿಡಿದು ಹೋದರೆ, ನಿಮ್ಮಲ್ಲಿ ಹತ್ತಿ ಇಳಿಯುವವರು ಕಡಿಮೆ ಎಂಬ ಉತ್ತರ ಬಂತು.

"ಇದು ಬರೀ ಗಾಡಿ ಕಥೀ ಅಲ್ಲ ವಿಮಲಾ" ಎಂದು ಶರಣಮ್ಮ ಚಮಚ ಕೆಳಗಿಟ್ಟಳು. "ನಾಳೆ ನನ್ನ ಜೋಡಿ ಒಂದು ಊರಿಗೆ ಬಾ. ನಮ್ಮಂಗಡಿಗೆ ಸೀರಿ ನೇಯೋ ಈರಮ್ಮ ಅಂತ ಅದಾಳ. ಆಕೀನ್ನ ನೋಡು."

ಹೆಸರು ಬರೆಯದ ಊರು

ಆ ಊರು ಕೆ.ಟಿ. ದೊಡ್ಡಿಯ ಕಡೆಗಿದೆ ಎಂದಷ್ಟೇ ಹೇಳುತ್ತೇನೆ. ಹೆಸರು ಬರೆಯಬೇಡಿ ಎಂದು ಈರಮ್ಮ ಕೇಳಿಕೊಂಡಿದ್ದಾಳೆ. ಹೊಲಗಳ ನಡುವೆ ತಗ್ಗಾದ ಪ್ಲಾಟ್‌ಫಾರಂ ಇನ್ನೂ ಇದೆ. ಟಿಕೀಟಿನ ಕೋಣೆಗೆ ಬೀಗ. ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಯಾರೋ ಮೆಣಸಿನಕಾಯಿ ಒಣಹಾಕಿದ್ದರು.

ಈರಮ್ಮನ ಮನೆಯ ಪಡಸಾಲೆಯಲ್ಲಿ ಮಗ್ಗ ಆಡುತ್ತಿತ್ತು. ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಅಂಚಿಗೆ ಬೇರೆ ಬಣ್ಣ ಕೂಡಿಸುವಾಗ ಅವಳ ಮಗ್ಗದಲ್ಲಿ ಒಬ್ಬರಿಂದ ಆಗುವುದಿಲ್ಲ. ಇನ್ನೊಬ್ಬರು ಆಚೆ ಬದಿಯಲ್ಲಿ ಕೂತು ಅಂಚಿನ ಲಾಳಿಯನ್ನು ಎಸೆದು ಕೊಡಬೇಕು. ಈಚೆ ಬದಿಯಲ್ಲಿ ಈರಮ್ಮ. ಆಚೆ ಬದಿಯಲ್ಲಿ ಮೂವತ್ತರ ಆಸುಪಾಸಿನ ಗಂಡಸು. ಇಬ್ಬರ ಕೈಗಳೂ ಒಂದೇ ದೇಹದ ಕೈಗಳಂತೆ ಆಡುತ್ತಿದ್ದವು. ಬಣ್ಣ ಬದಲಿಸುವಾಗ ಅವಳು ಬೆರಳ ಗೆಣ್ಣಿನಿಂದ ಮಗ್ಗದ ಕಟ್ಟಿಗೆಯನ್ನು ಒಮ್ಮೆ ಕುಟ್ಟುತ್ತಿದ್ದಳು. ಅವನು ಲಾಳಿ ಬದಲಿಸುತ್ತಿದ್ದ. ಮಾತಿಲ್ಲ.

ನಾನು ಮೆಚ್ಚಿ, "ನೀವೂ ನಿಮ್ಮ ಯಜಮಾನರೂ ಎಷ್ಟು ಹೊಂದಿಕೊಂಡು ನೇಯುತ್ತೀರಿ!" ಎಂದುಬಿಟ್ಟೆ.

ಮಗ್ಗ ನಿಂತಿತು. ಶರಣಮ್ಮ ನನ್ನ ತೋಳು ಚಿವುಟಿದಳು. ಗಂಡಸು ಎದ್ದು, ತಲೆ ತಗ್ಗಿಸಿ ಹಿತ್ತಲಿಗೆ ಹೋದ.

"ತಮ್ಮ ಅವನು, ತಿಮ್ಮಯ್ಯ. ನನ್ನ ಗಂಡ ಹೋಗಿ ಭಾಳ ವರ್ಷ ಆತ್ರಿ" ಎಂದಳು ಈರಮ್ಮ. ಆಮೇಲೆ ನಮಗೆ ಚಹಾ ಇಡಲು ಒಳಗೆ ನಡೆದಳು.

ಉಳಿದದ್ದನ್ನು ಶರಣಮ್ಮ ಪಿಸುಮಾತಿನಲ್ಲಿ ಹೇಳಿದಳು. ಆಚೆ ಬದಿಯಲ್ಲಿ ಕೂರುತ್ತಿದ್ದದ್ದು ಈರಮ್ಮನ ಒಬ್ಬಳೇ ಮಗಳು ಸುನಂದಾ. ರಾಯಚೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಬೆಳಿಗ್ಗೆ ಪ್ಯಾಸೆಂಜರ್ ಹತ್ತಿ ಹೋಗಿ, ಸಂಜೆ ಅದರಲ್ಲೇ ಬಂದು, ಕತ್ತಲಾಗುವವರೆಗೆ ಅವ್ವನಿಗೆ ಲಾಳಿ ಎಸೆಯುತ್ತಿದ್ದಳು. ಗಾಡಿ ನಿಂತ ಮೇಲೆ ಓದು ಬಿಡುವ ಮಾತು ಬಂತು. ಆಗ ತಿಮ್ಮಯ್ಯ ಹಳೆಯ ಆಟೋ ಒಂದನ್ನು ಕೊಂಡ. ಸೋದರ ಸೊಸೆಯನ್ನು ನಾನು ಕಾಲೇಜಿಗೆ ಮುಟ್ಟಿಸುತ್ತೇನೆ, ಓದು ನಿಲ್ಲಿಸಬೇಡ ಎಂದ. ಊರಿನ ಉಳಿದವರೂ ಅದರಲ್ಲೇ ಹೋಗತೊಡಗಿದರು. ಒಂದು ಬೆಳಿಗ್ಗೆ, ಗಡಿ ದಾಟಿ ರಾಯಚೂರು ಇನ್ನೇನು ಬಂತು ಎನ್ನುವಾಗ, ಸಣ್ಣ ಸೇತುವೆಯ ತಿರುವಿನಲ್ಲಿ ಆಟೋ ಉರುಳಿತು. ಈರಮ್ಮ ಅಂದು ಮಗಳ ಪಕ್ಕದಲ್ಲೇ ಕೂತಿದ್ದಳು. ಕೆಲವರಿಗೆ ಕೈಕಾಲು ಮುರಿಯಿತು. ಸತ್ತವಳು ಸುನಂದಾ ಒಬ್ಬಳೇ.

"ಅವತ್ತಿನಿಂದ ಅಕ್ಕ ತಮ್ಮನ ಜೋಡಿ ಮಾತಿಲ್ಲ. ಮಗಳ ದಿವಸ ಮುಗಿದ ಮರುದಿನ ಅವ ತಾನಾ ಬಂದು ಆಚಿ ಬದಿ ಕುಂತ. ಆಕಿ ಏಳು ಅನ್ನಲಿಲ್ಲ, ಕೂಡು ಅಂತನೂ ಅನ್ನಲಿಲ್ಲ. ಅವ ಇಲ್ಲಂದ್ರ ಮಗ್ಗ ನಡ್ಯಾಂಗಿಲ್ಲ."

ಈರಮ್ಮ ಚಹಾ ತಂದಳು. ಹಿತ್ತಲಿನ ಕಡೆಗೂ ಒಂದು ಬಟ್ಟಲು ಹೋಯಿತು. ಹೊಸ್ತಿಲ ಮೇಲಿಟ್ಟು ಬಂದಳು.

"ನಾಳೆ ರಾಯಚೂರಾಗ ಪೇಶಿ ಐತ್ರಿ, ಅವನ ಕೇಸಿಂದು" ಎಂದಳು ನನ್ನತ್ತ ನೋಡದೆ. "ನನ್ನ ಸಾಕ್ಷಿ ಐತಿ. ಅವನ ವಕೀಲ ಬಂದಿದ್ದ. ಎಮ್ಮಿ ಅಡ್ಡ ಬಂತು ಅಂತ ಹೇಳು, ನಿನ್ನ ತಮ್ಮ ಉಳೀತಾನ ಅಂದ."

"ನೀವು ಏನು ಹೇಳ್ತೀರಿ?" ಎಂದೆ.

"ನೋಡೋಣ್ರಿ" ಎಂದು ಅವಳು ಮಗ್ಗಕ್ಕೆ ಮರಳಿ, ಕಟ್ಟಿಗೆಯನ್ನು ಕುಟ್ಟಿದಳು. ತಿಮ್ಮಯ್ಯ ಬಂದು ಕೂತ.

ಶರಣಮ್ಮನೇ ಜೊತೆಗೆ ಹೋಗಬೇಕಿತ್ತು. ಅವಳ ಮೊಣಕಾಲು ಊದಿಕೊಂಡಿತ್ತು. "ನೀ ಹೋಗಿ ಬಾ. ಅಲ್ಲಿ ಆಕಿ ಮಗ್ಗಲಾ ಒಬ್ಬರು ಹೆಣ್ಮಕ್ಕಳು ಇರಬೇಕು" ಎಂದಳು. ಒಪ್ಪಿಕೊಂಡೆ.

ರಾಯಚೂರು

ಎರಡು ಬಸ್ಸು ಬದಲಿಸಿ ಹೋದೆವು. ಆ ಸಣ್ಣ ಸೇತುವೆ ಬಂದಾಗ ಈರಮ್ಮ ಕಣ್ಣು ಮುಚ್ಚಲಿಲ್ಲ, ತಿರುಗಿಯೂ ನೋಡಲಿಲ್ಲ. ಹಿಂದಿನ ಸೀಟಿನಲ್ಲಿದ್ದ ತಿಮ್ಮಯ್ಯ ಏನು ಮಾಡಿದನೋ, ನನಗೆ ತಿರುಗುವ ಧೈರ್ಯವಾಗಲಿಲ್ಲ.

ಕೋರ್ಟಿನ ಅಂಗಳದಲ್ಲಿ ನಮ್ಮ ಸರದಿಗಾಗಿ ಬಹಳ ಹೊತ್ತು ಕಾದೆವು. ಎದುರಿನ ಅಂಗಡಿಯಿಂದ ಮಂಡಾಳು ಒಗ್ಗರಣೆ, ಮಿರ್ಚಿ ತಂದೆ. ಈರಮ್ಮ ಮುಟ್ಟಲಿಲ್ಲ. ತಿಮ್ಮಯ್ಯ ತನ್ನ ಪೊಟ್ಟಣವನ್ನು ಬಿಚ್ಚದೆ ಕೈಯಲ್ಲೇ ಹಿಡಿದು ಕೂತಿದ್ದ. ಎಣ್ಣೆ ಅವನ ಅಂಗಿಯ ತೋಳಿಗೆ ಇಳಿಯುತ್ತಿತ್ತು. ನಾನು ಮೈಸೂರಿನ ಮಾತು, ಹವೆಯ ಮಾತು ಆಡಿ ಸುಮ್ಮನಾದೆ. ಬೇರೆ ಊರಿನಲ್ಲಿ ಪ್ರವಾಸಿ ಎಷ್ಟು ಉಪಯೋಗಕ್ಕೆ ಬಾರದವಳು ಎಂಬುದು ಆ ಕಲ್ಲುಬೆಂಚಿನ ಮೇಲೆ ಗೊತ್ತಾಯಿತು.

ಒಳಗೆ ಕರೆದಾಗ ನಾನೂ ಹೋಗಿ ಹಿಂದೆ ಕೂತೆ. ಸರಕಾರಿ ವಕೀಲರ ಪ್ರಶ್ನೆಗಳು ಮುಗಿದ ಮೇಲೆ ತಿಮ್ಮಯ್ಯನ ವಕೀಲ ಎದ್ದ.

"ಅಮ್ಮಾ, ಆಗ ಎಮ್ಮೆಯೊಂದು ರಸ್ತೆಗೆ ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ ಆಟೋ ಉರುಳಿತು. ಹೌದಲ್ಲ?"

ಈರಮ್ಮ ಕಟಕಟೆಯ ಅಂಚನ್ನು ಹಿಡಿದುಕೊಂಡಳು. "ಎಮ್ಮಿ ಇರಲಿಲ್ರಿ. ದಾರಿ ಖಾಲಿ ಇತ್ತು."

ವಕೀಲ ತಿಮ್ಮಯ್ಯನ ಕಡೆ ನೋಡಿದ. ಅವನು ನೆಲ ನೋಡುತ್ತಿದ್ದ.

"ಸರಿಯಾಗಿ ನೆನಪು ಮಾಡಿಕೊಳ್ಳಿ."

"ನೆನಪು ಐತ್ರಿ. ಜೋರು ಹೊಡದ. ಪರೀಕ್ಷಾಕ ಹೊತ್ತಾಗಿತ್ತು. ಮಾವ, ಜಲ್ದಿ ಹೊಡಿ, ಬಾಗಲಾ ಹಾಕಿಬಿಡ್ತಾರ ಅಂದ್ಲು ನನ್ನ ಮಗಳು. ಅದಕ್ಕ ಹೊಡದ. ಬ್ಯಾಡ ಅಂತ ನಾನೂ ಅನ್ನಲಿಲ್ಲ." ನ್ಯಾಯಾಧೀಶರ ಕಡೆ ತಿರುಗಿದಳು. "ಮೊದಲೆಲ್ಲ ಗಾಡಿಗೆ ಹೋಗ್ತಿದ್ಲ್ರಿ ಸಾಹೇಬ್ರ. ಪ್ಯಾಸೆಂಜರ್ ಗಾಡಿ. ಒಂದಿನಾನೂ ಹೊತ್ತಾಗಿರಲಿಲ್ಲ."

"ಅದಕ್ಕೂ ಈ ಕೇಸಿಗೂ ಸಂಬಂಧವಿಲ್ಲ" ಎಂದರು ಸರಕಾರಿ ವಕೀಲರು. ನ್ಯಾಯಾಧೀಶರು ತಲೆಯಾಡಿಸಿದರು. ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ಹೊರಗೆ ಬಂದಾಗ ತಿಮ್ಮಯ್ಯನ ವಕೀಲ ಸಿಟ್ಟಿನಿಂದ, "ನಿನ್ನ ತಮ್ಮನ್ನ ನೀನಾ ಜೇಲಿಗೆ ಹಾಕಿದೀ ನೋಡು" ಎಂದು ಹೊರಟುಹೋದ. ಈರಮ್ಮ ನನ್ನ ಕಡೆ ತಿರುಗಿ ಹೇಳಿದಳು: "ಸುಳ್ಳು ಹೇಳಿದ್ರ ಎಮ್ಮಿ ಕೊಂದಂಗ ಆಕ್ಕಿತ್ತಲ್ರಿ ನನ್ನ ಮಗಳನ್ನ. ಆಕಿ ಓದಾಕ ಹೊಂಟು ಸತ್ತಾಳ. ಹಂಗ ಇರಲಿ."

ತಿಮ್ಮಯ್ಯ ಕೇಳಿಸಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಣಿದವನ ಮುಖ ಅದು.

ನಿಲ್ಲದ ಗಾಡಿ

ಅಷ್ಟರಲ್ಲಿ ಊರಿನ ಕಡೆಯ ಬಸ್ಸು ತಪ್ಪಿತ್ತು. ಶರಣಮ್ಮನಿಗೆ ಫೋನು ಮಾಡಿದೆ. ಸಂಜೆಯ ಗಾಡಿ ಹಿಡಿದು ಗದ್ವಾಲಕ್ಕೇ ಬನ್ನಿ, ನಮ್ಮಲ್ಲಿ ಉಳಿದು ಬೆಳಿಗ್ಗೆ ಊರಿಗೆ ಹೋಗಲಿ ಎಂದಳು. ಪ್ಯಾಸೆಂಜರ್ ನಿಂತ ಮೇಲೆ ಈರಮ್ಮ ರೈಲು ಹತ್ತಿರಲಿಲ್ಲ. ಡಬ್ಬಿಯೊಳಗೆ ಕಾಲಿಡುವಾಗ ಒಂದು ಕ್ಷಣ ತಡೆದಳು. ಆಮೇಲೆ ಕಿಟಕಿಯ ಪಕ್ಕ ಕೂತು, "ಸುನಂದಾ ಈ ಕಡಿ ಕುಂದ್ರತಿದ್ಲು, ಬಿಸಲು ಬೀಳಾಂಗಿಲ್ಲ ಅಂತ" ಎಂದಳು. ತಿಮ್ಮಯ್ಯ ನಮ್ಮೆದುರು ಸೀಟಿನ ತುದಿಯಲ್ಲಿ ಕೂತ.

ಗಾಡಿ ಓಡಿತು. ಹತ್ತಿಯ ಹೊಲ, ಬಂಡೆಗಳ ಗುಡ್ಡ, ಮತ್ತೆ ಹೊಲ. ಹೊತ್ತು ಮುಳುಗುತ್ತಿತ್ತು. ಅವರ ಊರು ಹತ್ತಿರವಾದದ್ದು ನನಗೆ ತಿಳಿದದ್ದು ಅವರಿಬ್ಬರ ಮೈಯಿಂದ. ಈರಮ್ಮ ನೆಟ್ಟಗಾದಳು. ತಿಮ್ಮಯ್ಯ ಎದ್ದು ನಿಂತ. ಅಭ್ಯಾಸಬಲ ಎಂದುಕೊಂಡೆ. ಅವನು ಬಾಗಿಲಿಗೆ ಹೋದ. ಚಪ್ಪಲಿ ಸೀಟಿನ ಕೆಳಗೇ ಉಳಿದಿತ್ತು.

ತಿರುವಿನಲ್ಲಿ ಗಾಡಿಯ ವೇಗ ಕೊಂಚ ತಗ್ಗಿತು. ಅಲ್ಲಿ ಹುಡುಗರು ಹಾರಿ ಇಳಿಯುತ್ತಾರೆ ಎಂದು ಶರಣಮ್ಮ ಹೇಳಿದ್ದಳು. ಆದರೆ ಅವನು ಇಳಿಯುವವನಂತೆ ನಿಂತಿರಲಿಲ್ಲ. ಹಿಡಿಕೆಯನ್ನು ಬಿಟ್ಟು, ಎರಡೂ ಕೈ ಇಳಿಬಿಟ್ಟು ನಿಂತಿದ್ದ. 

"ತಿಮ್ಮಾ!"

ಡಬ್ಬಿಯವರೆಲ್ಲ ತಿರುಗಿ ನೋಡಿದರು. ಈರಮ್ಮ ಎದ್ದು ನಿಂತಿದ್ದಳು.

"ಒಳಗ ಬಾ. ಬಾ ಅಂದೆ. ನಾಳೆ ಮಗ್ಗಕ್ಕ ಯಾರು ಕೂಡಬೇಕು? ನಾ ಒಬ್ಬಾಕೀ ಏನ ಮಾಡ್ಲಿ?"

ಅವನು ತಿರುಗಲಿಲ್ಲ. ಕೈ ಮಾತ್ರ ನಿಧಾನವಾಗಿ ಮೇಲೆ ಬಂದು ಹಿಡಿಕೆಯನ್ನು ಹುಡುಕಿತು. ಅವನ ಆಚೆಗೆ ಬೀಗ ಹಾಕಿದ ಟಿಕೀಟಿನ ಕೋಣೆ, ಬರಿದಾದ ಪ್ಲಾಟ್‌ಫಾರಂ, ಒಂದೆರಡು ಮನೆಯ ದೀಪಗಳು ಸರಿದುಹೋದವು. ಗಾಡಿ ಮತ್ತೆ ವೇಗ ಹಿಡಿಯಿತು. ಅವನು ಬಂದು ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತ, ಗದ್ವಾಲ ಬರುವವರೆಗೂ ಏಳಲಿಲ್ಲ. ಈರಮ್ಮ ಅವನನ್ನು ಮುಟ್ಟಲಿಲ್ಲ.

ಮರುದಿನ ನಾನು ಮೈಸೂರಿಗೆ ಹೊರಟೆ. ಅವರು ಬೆಳಗಿನ ಬಸ್ಸಿಗೆ ಊರಿಗೆ ಹೋದರು.

ಕೇಸಿನ ಫೈಸಲಾ ಆದದ್ದು ಕೆಲವು ತಿಂಗಳ ಮೇಲೆ. ತಿಮ್ಮಯ್ಯನಿಗೆ ಸಜೆಯಾಯಿತು ಎಂದು ಶರಣಮ್ಮ ಫೋನಿನಲ್ಲಿ ಹೇಳಿದಳು. ಮಗ್ಗದ ಮೇಲಿನ ಸೀರೆ ಸೆರಗು ಬಾಕಿ ಇರುವಾಗಲೇ ನಿಂತಿದೆಯಂತೆ. ಗಾಡಿ ಆ ಊರಿನಲ್ಲಿ ಈಗಲೂ ನಿಲ್ಲುವುದಿಲ್ಲ. ಈರಮ್ಮ ಎರಡು ಬಸ್ಸು ಬದಲಿಸಿ, ರೊಟ್ಟಿ ಕಟ್ಟಿಕೊಂಡು ಜೈಲಿಗೆ ಮುಲಾಕತ್ತಿಗೆ, ತಮ್ಮನನ್ನು ನೋಡಲು, ಹೋಗುತ್ತಾಳಂತೆ. ಒಳಗೆ ರೊಟ್ಟಿ ಬಿಡುವುದಿಲ್ಲವೆಂದು ಗೊತ್ತಿದ್ದರೂ ಪ್ರತಿ ಸಲ ಕಟ್ಟಿಕೊಳ್ಳುತ್ತಾಳಂತೆ. ಜಾಲರಿಯ ಈಚೆ ಅವಳು, ಆಚೆ ಅವನು.

"ಈಗಾರ ಮಾತಾಡ್ತೀರೇನು, ಏನ್ ಮಾತಾಡ್ತೀರಿ ಅಂತ ಕೇಳಿದೆ" ಎಂದಳು ಶರಣಮ್ಮ.

"ಏನಂದಳು?"

"ಸುನಂದಾಂದು, ಅಂದ್ಲು. ಆಕಿ ಸಣ್ಣಾಕಿ ಇದ್ದಾಗಿಂದ ಹಿಡದು ಒಂದೊಂದಾ ನೆನಸ್ತಾನಂತ ಅವ. ಹೊತ್ತು ಮುಗೀತು ಅಂತ ಪೊಲೀಸರು ಎಬ್ಬಸೋತನಕ."